ಮೇಲುಕೋಟೆಯ ದಾರಿಯೂ ಮೂರೂವರೆ ಅಂಗುಲದ ಪರದೆಯೂ

ಮೈಸೂರಿನಿಂದ ಮೇಲುಕೋಟೆಗೆ ಹೋಗತಕ್ಕವರಲ್ಲಿ ಬಹುಮಂದಿ ಬಸ್ಸನ್ನೋ ಕಾರನ್ನೋ ಹಿಡಿದು ಒಂದು ನಿದ್ದೆ ಮುಗಿಯುವಷ್ಟರಲ್ಲಿ ಕಲ್ಯಾಣಿಯ ಮೆಟ್ಟಿಲ ಬಳಿ ಇಳಿದುಬಿಡುತ್ತಾರೆ. ಅವರಿಗೆ ಯದುಗಿರಿಯ ದರ್ಶನವಾಗುತ್ತದೆ, ನಿಜ. ಆದರೆ ದಾರಿಯ ದರ್ಶನವಾಗುವುದಿಲ್ಲ. ಬೈಸಿಕಲ್ಲಿನ ಮೇಲೆ ಹೋಗುವವನಿಗಾದರೋ ಆ ಐವತ್ತು ಚಿಲ್ಲರೆ ಕಿಲೋಮೀಟರುಗಳೂ ಒಂದೊಂದಾಗಿ ಎದುರಿಗೆ ಬಂದು ಮಾತನಾಡಿಸುತ್ತವೆ. ಕಾವೇರಿಯ ಎರಡು ಕವಲು, ಪಾಂಡವಪುರದ ಕಬ್ಬಿನ ಬಯಲು, ತೊಣ್ಣೂರಿನ ಕೆರೆ, ಜಕ್ಕನಹಳ್ಳಿಯಾಚೆಯ ಏರು, ಇವೆಲ್ಲವೂ ಕಾಲಿನ ಸ್ನಾಯುಗಳ ಮೂಲಕ ನೆನಪಿನಲ್ಲಿ ಉಳಿಯುತ್ತವೆ. ಈ ದಾರಿಯನ್ನು ಕುರಿತೂ, ಈ ದಾರಿಯಲ್ಲಿ ಪರೀಕ್ಷೆಗೆ ನಿಂತ ಒಂದು ಸಣ್ಣ ಯಂತ್ರವನ್ನು ಕುರಿತೂ ವಾಚಕರೊಡನೆ ನಾಲ್ಕು ಮಾತನಾಡಬೇಕೆಂಬುದು ನಮ್ಮ ಉದ್ದೇಶ.

ಯಂತ್ರವೆಂದರೆ ಬೈಸಿಕಲ್ಲಿನ ಹ್ಯಾಂಡಲಿಗೆ ಕಚ್ಚಿಸುವ ಜಿ.ಪಿ.ಎಸ್. ಕಂಪ್ಯೂಟರು. ವೇಗವೆಷ್ಟು, ನಡೆದ ದೂರವೆಷ್ಟು, ಮುಂದಿನ ತಿರುವು ಯಾವ ಕಡೆಗೆ, ಏರು ಎಷ್ಟು ಕಡಿದಾಗಿದೆ ಎಂಬುದನ್ನೆಲ್ಲ ಇದು ಹೇಳುತ್ತದೆ. ಜೇಬಿನ ಫೋನು ಈ ಕೆಲಸವನ್ನು ಮಾಡಲಾರದೇ ಎಂದು ಕೇಳುವವರುಂಟು. ಮಾಡಬಲ್ಲದು, ಆದರೆ ನಡುಹಗಲಿನ ಬಿಸಿಲಿನಲ್ಲಿ ಅದು ಕಾದು ಮಂಕಾಗುತ್ತದೆ, ಬ್ಯಾಟರಿಯನ್ನು ಬೇಗನೆ ನುಂಗುತ್ತದೆ, ಮತ್ತು ಸಂಕಟದಲ್ಲಿ ಮನೆಗೆ ಮಾತನಾಡಬೇಕಾದಾಗ ಸತ್ತು ಮಲಗಿರುತ್ತದೆ. ಬೈಸಿಕಲ್ಲಿಗೆಂದೇ ಮಾಡಿದ ಹಲವು ಯಂತ್ರಗಳ ಪರದೆ ಬೇರೆ ಜಾತಿಯದು: ಮೇಲೆ ಬಿದ್ದ ಸೂರ್ಯನ ಬೆಳಕನ್ನೇ ಹಿಂದಿರುಗಿಸಿ ಅಕ್ಷರವನ್ನು ತೋರಿಸುವಂಥದು. ಬಿಸಿಲು ಹೆಚ್ಚಿದಷ್ಟೂ ಅದು ಸ್ಪಷ್ಟವಾಗುತ್ತದೆ.

ನಮಗೆ ಇದು ಕೇವಲ ಕುತೂಹಲದ ವಿಷಯವಾಗಿರಲಿಲ್ಲ. ಅರವತ್ತು ತುಂಬಿದ ಮೇಲೆ ಒಂಟಿಯಾಗಿ ದೂರದೂರಿಗೆ ಬೈಸಿಕಲ್ ತುಳಿಯಬಹುದೇ ಕೂಡದೇ ಎಂಬ ವ್ಯಾಜ್ಯವು ನಮ್ಮ ಮನೆಯಲ್ಲಿ ಆರು ತಿಂಗಳಿಂದ ನಡೆದಿತ್ತು. ಗೃಹಿಣಿಯ ಆಕ್ಷೇಪಣೆಗಳು ಎರಡು. ಒಂದು, ಮಂಡ್ಯದ ಸೀಮೆಯ ನಾಲೆಯ ಏರಿಗಳು ಒಂದರಂತೆ ಒಂದು ಇರುವುದರಿಂದ, ಕತ್ತಲಾದ ಮೇಲೆ ದಾರಿ ತಪ್ಪಿದವನನ್ನು ಹುಡುಕುವವರು ಯಾರು? ಎರಡು, ಕನ್ನಡಕವಿಲ್ಲದೆ ಪಂಚಾಂಗವನ್ನು ಓದಲಾರದವರು ಓಡುವ ಗಾಡಿಯ ಮೇಲೆ ಯಂತ್ರವನ್ನು ಓದುವುದು ಹೇಗೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೊನೆಗೆ ಆಕೆ ನಮ್ಮ ಸೋದರಳಿಯನನ್ನು ಕರೆದು, “ಇವರ ಕಣ್ಣಿಗೆ ಅದು ಕಾಣುತ್ತದೆಯೋ ಇಲ್ಲವೋ ನೀನೇ ಜೊತೆಗೆ ಹೋಗಿ ನೋಡಿಕೊಂಡು ಬಾರಪ್ಪ, ನೀನು ಹೇಳಿದ ಹಾಗಾಗಲಿ” ಎಂದು ತೀರ್ಪನ್ನು ಅವನಿಗೆ ಒಪ್ಪಿಸಿದರು. ಹುಡುಗನು ತನ್ನದೊಂದು ಯಂತ್ರವನ್ನೂ ಸ್ನೇಹಿತನಿಂದ ಎರವಲು ತಂದ ಮತ್ತೊಂದನ್ನೂ ನಮ್ಮ ಹ್ಯಾಂಡಲಿನ ಎಡಬಲಗಳಲ್ಲಿ ಕಟ್ಟಿದನು. ಎಡದ್ದು ೨.೬ ಅಂಗುಲ, ಬಲದ್ದು ೩.೫ ಅಂಗುಲ.

ಈ ಅಂಗುಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯವರು ಹೇಳುವ ಅಳತೆ ಅಗಲವೂ ಅಲ್ಲ, ಉದ್ದವೂ ಅಲ್ಲ, ಕರ್ಣ. ಬೌಧಾಯನ ಶುಲ್ಬಸೂತ್ರದಲ್ಲಿ ಇದಕ್ಕೆ ಅಕ್ಷ್ಣಯಾರಜ್ಜುವೆಂದು ಹೆಸರು. ಎರಡು ಬಾಹುಗಳ ವರ್ಗಗಳನ್ನು ಕೂಡಿಸಿದರೆ ಕರ್ಣದ ವರ್ಗವಾಗುವುದೆಂಬ ತತ್ತ್ವವನ್ನು ಯಜ್ಞವೇದಿಯನ್ನು ಕಟ್ಟುವವರು ಹಗ್ಗ ಹಿಡಿದು ಬಳಸುತ್ತಿದ್ದರು. ಕರ್ಣವೊಂದನ್ನೇ ನೋಡಿ ಕೊಳ್ಳುವವನಿಗೆ ಪರದೆಯ ಆಕಾರ ತಿಳಿಯದು. ಗಾರ್ಮಿನ್ ಎಂಬ ಕಂಪನಿಯ ಎಡ್ಜ್ ೫೪೦ರಲ್ಲಿ ಕರ್ಣ ೨.೬ ಅಂಗುಲ, ಚುಕ್ಕೆಗಳು ಅಡ್ಡಲಾಗಿ ೨೪೬, ಉದ್ದಕ್ಕೆ ೩೨೨. ಅದೇ ಕಂಪನಿಯ ಎಡ್ಜ್ ೧೦೪೦ರಲ್ಲಿ ಕರ್ಣ ೩.೫ ಅಂಗುಲ, ಚುಕ್ಕೆಗಳು ೨೮೨ ಮತ್ತು ೪೭೦. ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು ೧.೬ ಅಂಗುಲ ಅಗಲ, ೨.೧ ಅಂಗುಲ ಉದ್ದ, ಎರಡನೆಯದು ೧.೮ ಅಂಗುಲ ಅಗಲ, ೩ ಅಂಗುಲ ಉದ್ದ. ಅಂದರೆ ದೊಡ್ಡ ಪರದೆಯು ಅಗಲದಲ್ಲಿ ಬೆಳೆದಿರುವುದು ಅತ್ಯಲ್ಪ, ಉದ್ದದಲ್ಲಿ ಸುಮಾರು ಒಂದಂಗುಲ. ಒಂದಂಗುಲದಲ್ಲಿರುವ ಚುಕ್ಕೆಗಳ ಸಂಖ್ಯೆ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ ಆದುದರಿಂದ ಅಕ್ಷರದ ನಯದಲ್ಲಿ ಭೇದವಿಲ್ಲ. ದೊರೆಯುವ ಲಾಭವೆಂದರೆ ಮುಂದಿನ ದಾರಿ ಇನ್ನಷ್ಟು ದೂರ ಕಾಣುವುದು, ಅಥವಾ ಅಂಕಿಗಳ ಸಾಲುಗಳನ್ನು ಎತ್ತರವಾಗಿ ಬಿಡಿಸಿ ಇಡಬಹುದಾದುದು. ಇವೆರಡಕ್ಕಿಂತ ಚಿಕ್ಕದಾದ ೧.೮ ಅಂಗುಲದ ಯಂತ್ರವೂ ಉಂಟು. ೩೩ ಗ್ರಾಂ ತೂಕದ ಆ ಗುಬ್ಬಚ್ಚಿಯಲ್ಲಿ ಪೂರ್ಣವಾದ ಭೂಪಟವಿಲ್ಲ, ನಡೆಯಬೇಕಾದ ದಾರಿಯ ಗೆರೆ ಮಾತ್ರ. ದಿನವೂ ಅದೇ ಕುಕ್ಕರಹಳ್ಳಿ ಕೆರೆಯನ್ನು ಸುತ್ತಿ ಬರುವವನಿಗೆ ಅಷ್ಟು ಸಾಕು.

ಬೆಳಗಿನ ಐದೂವರೆಗೆ ಹೊರಟೆವು. ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಒಟ್ಟಿನಲ್ಲಿ ಇಳಿಜಾರು. ತುಳಿಯುವ ಶ್ರಮ ಕಡಮೆ. ಬೆಂಗಳೂರಿನ ಹೊಸ ಹೆದ್ದಾರಿಯ ನಡುವಣ ಪಥದಲ್ಲಿ ೨೦೨೩ರ ಆಗಸ್ಟ್ ೧ರಿಂದ ಬೈಸಿಕಲ್ಲು, ಮೋಟಾರು ಸೈಕಲ್ಲು, ಆಟೋ ಮುಂತಾದುವನ್ನು ನಿಷೇಧಿಸಿರುವುದರಿಂದ ಪಕ್ಕದ ಸರ್ವೀಸ್ ರಸ್ತೆಯನ್ನೇ ಹಿಡಿಯಬೇಕು. ಇಂಥ ಕಡೆ ಭೂಪಟದಲ್ಲಿ ಎರಡು ಗೆರೆಗಳು ಕೂದಲೆಳೆಯಷ್ಟು ಅಂತರದಲ್ಲಿ ಒಟ್ಟೊಟ್ಟಿಗೆ ಓಡುತ್ತವೆ. ನಾವು ಯಾವುದರ ಮೇಲಿದ್ದೇವೆಂಬುದನ್ನು ಎರಡು ಪರದೆಗಳೂ ಸಂದೇಹಕ್ಕೆಡೆಯಿಲ್ಲದಂತೆ ತೋರಿಸಲಿಲ್ಲ. ಅದಕ್ಕೆ ರಸ್ತೆಯ ಬದಿಯ ಫಲಕವೇ ಪ್ರಮಾಣ.

ಹುಡುಗನು ಹಿಂದಿನಿಂದ ಬರುತ್ತ ಪರೀಕ್ಷೆಯನ್ನು ಪ್ರಾರಂಭಿಸಿದನು. ನಿಯಮವೇನೆಂದರೆ, ಅವನು ಪ್ರಶ್ನೆ ಕೇಳಿ ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ನಾವು ಉತ್ತರ ಹೇಳಬೇಕು. ಗಾಡಿ ನಿಲ್ಲಬಾರದು, ಓಲಾಡಬಾರದು. “ಮಾವಾ, ಎಡಗಡೆಯದರಲ್ಲಿ ವೇಗವೆಷ್ಟು?” “ಬಲಗಡೆಯದರಲ್ಲಿ ಗಂಟೆಯೆಷ್ಟಾಯಿತು ಹೇಳಿ!” ನಲವತ್ತು ವರ್ಷ ಹುಡುಗರನ್ನು ಪ್ರಶ್ನಿಸಿದ ನಮಗೆ ಈ ಸ್ಥಾನಪಲ್ಲಟ ವಿನೋದವಾಗಿಯೇ ತೋರಿತು. ಸೂರ್ಯೋದಯಕ್ಕೆ ಮುನ್ನ ಒಳದೀಪದ ಬೆಳಕಿನಲ್ಲಿ ಎರಡರಲ್ಲಿಯೂ ಉತ್ತೀರ್ಣರಾದೆವು.

ಶ್ರೀರಂಗಪಟ್ಟಣದಲ್ಲಿ ಕಾಫಿ ಕುಡಿದು, ಪೂರ್ಣಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ೧೮೦೪ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆವು. ದಾರಿ ತೋರುವ ಯಂತ್ರವನ್ನು ಕಟ್ಟಿಕೊಂಡು ಈ ಊರಿಗೆ ಬಂದವರು ಲ್ಯಾಂಬ್ಟನ್ನನನ್ನು ನೆನೆಯದೆ ಹೋಗಬಾರದು. ೧೭೯೯ರ ಏಪ್ರಿಲಿನಲ್ಲಿ ಇಂಗ್ಲಿಷರ ಸೈನ್ಯವು ಪಟ್ಟಣದ ಮೇಲೆ ಬಂದಿಳಿದಾಗ, ಬೇರ್ಡ್ ಎಂಬ ದಳಪತಿಯ ತುಕಡಿಯೊಂದು ರಾತ್ರಿಯ ಕತ್ತಲಿನಲ್ಲಿ ತೋಪೊಂದನ್ನು ಶೋಧಿಸಿ ಹಿಂದಿರುಗುತ್ತಿತ್ತು. ಉತ್ತರಕ್ಕೆ ಹೋಗುತ್ತಿದ್ದೇವೆಂದು ಎಲ್ಲರೂ ನಂಬಿದ್ದರು. ನಕ್ಷತ್ರಗಳನ್ನು ನೋಡಿ, ಇಲ್ಲ, ದಕ್ಷಿಣಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಹೋಗುತ್ತಿದ್ದೇವೆ ಎಂದವನು ವಿಲಿಯಂ ಲ್ಯಾಂಬ್ಟನ್. ಮುಂದೆ ೧೮೦೨ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಅಡಿರೇಖೆಯನ್ನಳೆದು, ತ್ರಿಕೋಣಗಳ ಬಲೆಯಿಂದ ಈ ದೇಶವನ್ನೆಲ್ಲ ಅಳೆಯುವ ಕೆಲಸಕ್ಕೆ ಕೈಯಿಟ್ಟವನೂ ಇವನೇ.

ಇಂದಿನ ಯಂತ್ರವೂ ಆಕಾಶವನ್ನೇ ನೋಡುತ್ತದೆ. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ ತಮ್ಮ ಗಡಿಯಾರದ ವೇಳೆಯನ್ನು ಸಾರುತ್ತವೆ. ಆ ಸುದ್ದಿ ಬಂದು ತಲಪಲು ಹಿಡಿದ ಕಾಲದಿಂದ ಯಂತ್ರವು ದೂರವನ್ನು ಗುಣಿಸುತ್ತದೆ. ಸ್ಥಳವನ್ನು ಗೊತ್ತುಮಾಡಲು ಮೂರು ಉಪಗ್ರಹಗಳ ದೂರ ಸಾಕು. ಆದರೆ ನಮ್ಮ ಯಂತ್ರದ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆ ನಾಲ್ಕನೆಯದೂ ಬೇಕು. ಬೆಳಕು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ಸುಮಾರು ಒಂದಡಿ ಓಡಿಬಿಡುವುದರಿಂದ ಗಡಿಯಾರದ ಎಳ್ಳಷ್ಟು ತಪ್ಪೂ ನೆಲದ ಮೇಲೆ ಊರಷ್ಟಾಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದಾಗ ಹುಡುಗನು ಬಿಸಿಲೇರುತ್ತಿದೆಯೆಂದು ಎಚ್ಚರಿಸಿದನು.

ಕಿರಂಗೂರಿನ ಬಳಿ ಎಡಕ್ಕೆ ತಿರುಗಿ ಪಾಂಡವಪುರದ ದಾರಿ ಹಿಡಿದೆವು. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದುದರಿಂದ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಹಿಂದೆ ಇತ್ತು. ಇಕ್ಕೆಲದಲ್ಲಿಯೂ ನಾಲೆಯ ನೀರುಂಡ ಕಬ್ಬು. ಆಲೆಮನೆಯೊಂದರಿಂದ ಹಸಿಬೆಲ್ಲದ ವಾಸನೆ ಗಾಳಿಯಲ್ಲಿ ತೇಲಿ ಬಂದು ತುಳಿಯುವ ಕಾಲನ್ನು ತಡೆಯಿತು. ಅಲ್ಲಿ ನಿಲ್ಲದೆ ಹೋಗುವುದು ಶಾಸ್ತ್ರಸಮ್ಮತವಲ್ಲವೆಂದು ನಿರ್ಣಯಿಸಿ, ಕಬ್ಬಿನ ಹಾಲು ಕುಡಿದೆವು.

ಹುಡುಗನು ಈಗ ಪ್ರಶ್ನಪತ್ರಿಕೆಯನ್ನು ಬಿಗಿಮಾಡಿದನು. ಎರಡು ಪರದೆಗಳಲ್ಲಿಯೂ ಒಂದೇ ಪುಟದಲ್ಲಿ ಹತ್ತು ಅಂಕಣಗಳನ್ನು ತುಂಬಿ, “ಹೃದಯದ ಬಡಿತ ಎಷ್ಟು ಮಾವಾ?” ಎಂದನು. ಚಿಕ್ಕದರಲ್ಲಿ ಅದು ಇರುವೆಗಳ ಸಂತೆಯಾಗಿತ್ತು. ದೊಡ್ಡದರಲ್ಲಿಯೂ ನಾಲ್ಕು ಎಣಿಸುವವರೆಗೆ ಉತ್ತರ ಸಿಕ್ಕಲಿಲ್ಲ. ಇದಕ್ಕೆ ಕಾರಣ ಪರದೆಯೊಂದೇ ಅಲ್ಲ, ಕನ್ನಡಕವೂ ಹೌದು. ನಮ್ಮ ವಯಸ್ಸಿನವರ ಇಬ್ಬಗೆಯ ಗಾಜಿನಲ್ಲಿ ಕೆಳಗಿನ ತುಣುಕು ಪುಸ್ತಕದ ದೂರಕ್ಕೆ, ಅಂದರೆ ಸುಮಾರು ೪೦ ಸೆಂಟಿಮೀಟರಿಗೆ ಹೊಂದಿರುತ್ತದೆ; ಮೇಲಿನದು ಬಯಲಿಗೆ. ಹ್ಯಾಂಡಲು ಕಣ್ಣಿನಿಂದ ಇರುವುದು ೬೦, ೭೦ ಸೆಂಟಿಮೀಟರು ದೂರದಲ್ಲಿ, ತ್ರಿಶಂಕುವಿನ ಹಾಗೆ ಎರಡಕ್ಕೂ ಸಲ್ಲದೆ. ಆದುದರಿಂದ ಐವತ್ತು ದಾಟಿದವರು ಯಂತ್ರವನ್ನು ಅಂಗಡಿಯಲ್ಲಿ ಅಂಗೈಯಲ್ಲಿಟ್ಟುಕೊಂಡು ನೋಡಿ ಮೆಚ್ಚಬಾರದು. ಹ್ಯಾಂಡಲಿನಷ್ಟು ದೂರದಲ್ಲಿಡಿಸಿ, ತಮ್ಮ ಕನ್ನಡಕವನ್ನು ಹಾಕಿಕೊಂಡು, ಬೀದಿಯ ಬಿಸಿಲಿನಲ್ಲಿ ನೋಡಬೇಕು.

ಅಂಕಣಗಳನ್ನು ಇಳಿಸುತ್ತ ಬಂದೆವು. ಚಿಕ್ಕ ಪರದೆಯಲ್ಲಿ ಮೂರು ಅಂಕಣವಿಟ್ಟಾಗ ಎರಡು ಎಣಿಸುವುದರೊಳಗೆ ಓದಿದೆವು, ದೊಡ್ಡದರಲ್ಲಿ ಐದಿಟ್ಟರೂ ಓದಿದೆವು. ವೇಗ, ದೂರ, ವೇಳೆ, ಈ ಮೂರಕ್ಕಿಂತ ಹೆಚ್ಚು ತಿಳಿದು ಮನುಷ್ಯನಿಗೆ ಆಗಬೇಕಾದುದೇನು? ಇಷ್ಟರಿಂದ ಚಿಕ್ಕದೇ ಗೆದ್ದಿತೆಂದು ನಮಗೆ ತೋರಿತು. ಬೆಲೆಯೂ ಕಡಮೆ, ಒತ್ತುವ ಗುಂಡಿಗಳಿಂದಲೇ ನಡೆಯುವುದರಿಂದ ಬೆವರಿನ ಬೆರಳಿಗೆ ಅಂಜಬೇಕಾದುದೂ ಇಲ್ಲ.

ತೊಣ್ಣೂರಿನ ತಿರುವಿನಲ್ಲಿ ಈ ಅಭಿಪ್ರಾಯ ಅಲುಗಿತು. ಶ್ರೀರಾಮಾನುಜರು ತಂಗಿದ್ದ ಈ ಊರಿನಲ್ಲಿ ನಂಬಿನಾರಾಯಣನ ಗುಡಿಯೂ, ಮೋತಿ ತಲಾಬೆಂದು ಮುಸಲ್ಮಾನ ದೊರೆಗಳು ಕೊಂಡಾಡಿದ ಕೆರೆಯೂ ಇವೆ. ಬೆಟ್ಟಗಳ ನಡುವೆ ಕಟ್ಟಿದ ಏರಿ, ತಿಳಿಯಾದ ನೀರು. ಅಲ್ಲಿಂದ ಒಳದಾರಿಯಲ್ಲಿ ಜಕ್ಕನಹಳ್ಳಿಯ ರಸ್ತೆಯನ್ನು ಸೇರಬೇಕೆಂದು ಹೊರಟಾಗ ಗದ್ದೆಗಳ ನಡುವೆ ದಾರಿ ಮೂರಾಗಿ ಒಡೆಯಿತು. ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಚಿಕ್ಕ ಪರದೆಯಲ್ಲಿ ಕವಲು ಮಾತ್ರ ಕಂಡಿತು, ಅದರಾಚೆಗೆ ಏನೆಂಬುದು ಕಾಣಲಿಲ್ಲ; ಭೂಪಟವನ್ನು ಕುಗ್ಗಿಸಿದರೆ ದೂರದ ಊರು ಬಂತು, ಕವಲುಗಳು ಅಳಿಸಿಹೋದುವು. ದೊಡ್ಡದರಲ್ಲಾದರೋ ಆ ಹೆಚ್ಚಿನ ಒಂದಂಗುಲದಲ್ಲಿ ಕವಲೂ, ಮುಂದಿನ ನಾಲೆಯ ನೀಲಿಗೆರೆಯೂ, ಅದರಾಚೆಯ ಊರೂ ಏಕಕಾಲದಲ್ಲಿ ಕಂಡುವು. ನಡುವಣ ದಾರಿಯನ್ನು ಹಿಡಿದೆವು, ಸರಿಯಾಗಿತ್ತು. ಗೃಹಿಣಿಯ ಮೊದಲನೆಯ ಆಕ್ಷೇಪಣೆಗೆ ಉತ್ತರ ಈ ಅಂಗುಲದಲ್ಲಿತ್ತು.

ಜಕ್ಕನಹಳ್ಳಿಯಿಂದ ಮೇಲಕ್ಕೆ ಏರು. ಅದನ್ನು ಕುರಿತು ಬರೆಯುವುದಕ್ಕೇನೂ ಇಲ್ಲ. ಉಸಿರು ಬಿಟ್ಟೆವು, ಬೆವರಿದೆವು, ಎರಡು ಕಡೆ ಇಳಿದು ತಳ್ಳಿದೆವು. ಕಲ್ಯಾಣಿಯಲ್ಲಿ ಕಾಲು ತೊಳೆದು, ಚೆಲುವನಾರಾಯಣನ ದರ್ಶನಮಾಡಿ, ಪುಳಿಯೋಗರೆಯನ್ನೂ ಸಕ್ಕರೆ ಪೊಂಗಲನ್ನೂ ತಿಂದು, ಮುಗಿಯದೆ ನಿಂತಿರುವ ರಾಯಗೋಪುರದ ಕಂಬದ ನೆರಳಿನಲ್ಲಿ ಒರಗಿದೆವು. ಪು.ತಿ.ನ. ಅವರು ಹುಟ್ಟಿದ ಊರು, ಸಂಸ್ಕೃತ ಪಾಠಶಾಲೆಯ ಊರು. ಓಣಿಯಲ್ಲಿ ಬಾಲಕನೊಬ್ಬನು ಶಬ್ದರೂಪಗಳನ್ನು ಗಟ್ಟಿಮಾಡುತ್ತಿದ್ದುದು ಕೇಳಿಬಂದು ಆಯಾಸ ಅರ್ಧ ಇಳಿಯಿತು.

ನಿಜವಾದ ಪರೀಕ್ಷೆ ಇಳಿಯುವಾಗ. ಗಂಟೆಗೆ ೩೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಎಂಟು ಮೀಟರಿಗೂ ಮೀರಿತು. ಎರಡು ಎಣಿಸುವಷ್ಟು ಕಾಲ ಪರದೆಯನ್ನು ನೋಡಿದರೆ ಹದಿನಾರು ಮೀಟರು ಕುರುಡಾಗಿ ಹೋದಂತೆ. ಮೊದಲನೆಯ ತಿರುವಿನ ಮುಂಚೆ ಹುಡುಗನು, “ಮಾವಾ, ವೇಗವೆಷ್ಟು?” ಎಂದು ಕೂಗಿದನು. ನಾವು ಉತ್ತರ ಹೇಳಲಿಲ್ಲ. ಮತ್ತೆ ಕೂಗಿದನು; ಹೇಳಲಿಲ್ಲ. ತಿರುವಿನಾಚೆ ರಸ್ತೆಯ ತುಂಬ ಕುರಿಮಂದೆ ನಿಂತಿತ್ತು. ಬ್ರೇಕು ಹಿಡಿದು ನಿಂತೆವು. ಹಿಂದೆ ಬಂದು ನಿಂತ ಹುಡುಗನ ಮುಖ ಬೆಳ್ಳಗಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, “ಇನ್ನು ಪ್ರಶ್ನೆ ಕೇಳುವುದಿಲ್ಲ, ಮಾವ. ನೀವು ಪಾಸು” ಎಂದನು.

ಮನೆಗೆ ಬಂದ ಮೇಲೆ ತೀರ್ಪು ಹೊರಬಿದ್ದಿತು. ದೊಡ್ಡ ಯಂತ್ರವನ್ನೇ ಕೊಳ್ಳತಕ್ಕದ್ದು. ೧೨೬ ಗ್ರಾಂ ತೂಕ, ಚಿಕ್ಕದಕ್ಕಿಂತ ನಲವತ್ತು ಚಿಲ್ಲರೆ ಗ್ರಾಂ ಹೆಚ್ಚು, ಒಂದು ಹಿಡಿ ಹುರಿಗಡಲೆಯಷ್ಟು. ಮಳೆಯ ಹನಿಗೆ ಪುಟ ತಾನೇ ತಿರುಗದಂತೆ ಪರದೆಗೆ ಬೀಗ ಹಾಕುವುದನ್ನು ಅಭ್ಯಾಸಮಾಡತಕ್ಕದ್ದು. ಹ್ಯಾಂಡಲಿನ ಮೇಲಲ್ಲ, ಅದಕ್ಕೆ ಮುಂದಾಗಿ ಚಾಚಿದ ಹಿಡಿಕೆಯಲ್ಲಿ ಕೂರಿಸತಕ್ಕದ್ದು. ಹಾಗಾದರೆ ರಸ್ತೆಯಿಂದ ದೃಷ್ಟಿಯನ್ನು ಬಹಳ ಇಳಿಸಬೇಕಾಗುವುದಿಲ್ಲ. ಫೋನಿನೊಡನೆ ಜೋಡಿಸಿದರೆ ನಾವಿರುವ ಸ್ಥಳ ಮನೆಯಲ್ಲಿ ಕಾಣುತ್ತದೆಂಬುದು ಗೃಹಿಣಿಗೆ ಮಿಕ್ಕೆಲ್ಲ ಗುಣಗಳಿಗಿಂತ ಹೆಚ್ಚು ರುಚಿಸಿತು. ಸದ್ಯಕ್ಕೆ ಶ್ರೀರಂಗಪಟ್ಟಣದವರೆಗೆ ಒಂಟಿಯಾಗಿ ಹೋಗಿಬರಲು ಅಪ್ಪಣೆಯಾಗಿದೆ. ತೊಣ್ಣೂರಿನ ಅರ್ಜಿಯನ್ನು ಯುಗಾದಿಯ ತರುವಾಯ ವಿಚಾರಣೆಗೆ ತೆಗೆದುಕೊಳ್ಳುವರಂತೆ.