ಹೆಸರಿಗಷ್ಟೇ ಓಕು

ಗೊರಗುಂಟೆಪಾಳ್ಯದ ನಮ್ಮ ಮನೆಯ ಕಾಂಪೌಂಡಿನಲ್ಲಿ ಒಂದು ಓಕ್ ಮರವಿದೆ ಎಂದರೆ ನೀವು ನಕ್ಕೀರಿ. ತುಮಕೂರು ರಸ್ತೆಯ ಲಾರಿಗಳ ಧೂಳು ಕುಡಿದು ಬೆಳೆದ ಆ ಮರ ಓಕ್ ಅಲ್ಲವೆಂಬುದು ನನಗೂ ಗೊತ್ತು. ಗೊತ್ತಿದ್ದೂ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಅಣ್ಣ ಅಮೆರಿಕದ ಮಿಷಿಗನ್ನಿನಲ್ಲಿ ಮನೆ ಕೊಂಡ ವರ್ಷ ಒಂದು ಚಿತ್ರ ಕಳುಹಿಸಿದ. ಅಂಗಳದಲ್ಲಿ ಕೆಂಪು ಓಕ್. ಚಳಿಗಾಲಕ್ಕೆ ಮುನ್ನ ಎಲೆಯೆಲ್ಲ ಕುಂಕುಮ ಚೆಲ್ಲಿದಂತೆ. ಅದರ ಟೋಪಿ ಹಾಕಿದಂಥ ಕಾಯಿ ಬಲಿಯಲು ಎರಡು ವರ್ಷ ಬೇಕಂತೆ. ಅಪ್ಪ ಆ ಚಿತ್ರವನ್ನು ದೇವರ ಪಟಗಳ ಪಕ್ಕದಲ್ಲಿಟ್ಟರು. ಮರುದಿನವೇ ನರ್ಸರಿಗೆ ಹೋಗಿ "ಓಕ್ ಕೊಡಪ್ಪ" ಎಂದರು. ಮಾಲಿ ಕೊಟ್ಟದ್ದು ಸಿಲ್ವರ್ ಓಕ್. ಆತನದು ಮೋಸವಲ್ಲ, ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದಲ್ಲಿ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಈ ಮರವನ್ನು ಎಲ್ಲರೂ ಕರೆಯುವುದು ಹಾಗೆಯೇ. ಆದರೆ ಇದು ಆಸ್ಟ್ರೇಲಿಯದ್ದು. ಓಕಿನ ಕುಲಕ್ಕೂ ಇದಕ್ಕೂ ನಂಟಿಲ್ಲ. ಕೆಂಪು ಓಕಿಗೆ ಹಿಮ ಬೀಳುವ ಚಳಿಯ ನಿದ್ರೆ ಬೇಕು. ನಮ್ಮೂರಿನ ಚಳಿಯೋ ಒಂದು ಮಫ್ಲರಿಗೆ ಮುಗಿಯುತ್ತದೆ.

ಪುಸ್ತಕ ತಿರುವಿ ಇಷ್ಟನ್ನೂ ತಿಳಿದ ದಿನ ಹೇಳಿಬಿಡಬೇಕೆಂದು ಹೊರಬಂದೆ. ಅಪ್ಪ ಗಿಡಕ್ಕೆ ನೀರೆರೆಯುತ್ತ, "ಅಲ್ಲೀಗ ಎಲೆ ಉದುರುವ ಕಾಲ ಅಲ್ಲವೇನೋ?" ಎಂದರು. ಮೇಷ್ಟರ ನಾಲಗೆ ಅಂದು ಪಾಠ ಹೇಳಲಿಲ್ಲ.

ಮರ ಎರಡು ಮಹಡಿಗೂ ಮೀರಿ ಬೆಳೆಯಿತು. ಜರಿಗಿಡದಂಥ ಎಲೆ, ಅದರಡಿ ಬೆಳ್ಳಿ. ಬೇಸಿಗೆಗೆ ಬಾಚಣಿಗೆಯಂಥ ಕೇಸರಿ ಹೂ. "ನಮ್ಮದರ ಕೆಂಪು ಹೂವಿಗೆ ಬಂತು ನೋಡು" ಎಂದು ಅಪ್ಪ ಹಿಗ್ಗುತ್ತಿದ್ದರು. ಅವರು ಹೋದಾಗ ಅಣ್ಣ ಬಂದು ತಲುಪಿದ್ದು ಒಂದು ದಿನ ತಡವಾಗಿ. ಮರದಡಿ ನಿಂತು ತಲೆಯೆತ್ತಿ ನೋಡಿದ. ಓಕ್ ಬಲ್ಲವನು, ಏನೂ ಕೇಳಲಿಲ್ಲ.

ಈ ಜಾತಿಯ ಕೊಂಬೆ ಬಲು ಪೆಡಸು. ಕಳೆದ ಮೇ ತಿಂಗಳ ಗಾಳಿಗೆ ಒಂದು ಮುರಿದು ನೆರೆಮನೆಯ ಮಕ್ಕಳು ಆಡುವ ಜಾಗದಲ್ಲೇ ಬಿತ್ತು. ಪುಣ್ಯಕ್ಕೆ ಆಗ ಯಾರೂ ಇರಲಿಲ್ಲ. ಕಡಿಸಿ ಎಂದರು, ನ್ಯಾಯವಾದ ಮಾತು. ನನಗೊಂದು ಆಸೆಯಿತ್ತು, 1976ರ ಮರಗಳ ಸಂರಕ್ಷಣಾ ಕಾಯಿದೆ ಅಡ್ಡ ಬಂದೀತೆಂದು. ವಿಚಾರಿಸಿದರೆ, ಅಪ್ಪಣೆ ಬೇಕಿಲ್ಲದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ! ನಿಜವಾದ ಓಕಾಗಿದ್ದರೆ ಅಧಿಕಾರಿಗಳನ್ನು ಕೇಳಬೇಕಿತ್ತು; ಇದಕ್ಕೆ ನನ್ನನ್ನೇ ಕೇಳಿಕೊಂಡರೆ ಸಾಕು.

ಭಾನುವಾರ ಕಡಿಯುವವರು ಬರುತ್ತಾರೆ. ಆ ಜಾಗದಲ್ಲಿ ಹೊಂಗೆ ನೆಡುವುದೆಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, "ಒಂದು ಹಲಗೆ ತೆಗೆದಿಡು" ಎಂದ.