ಗುಂಡೋ, ಹಾಸುಬಂಡೆಯೋ?

ಯಲಬುರ್ಗಾ ತಾಲ್ಲೂಕಿನ ನಮ್ಮ ಹೊಲದಲ್ಲಿ ಕಾಕಾ ಬಾವಿ ತೋಡಿಸುವಾಗ ಇಪ್ಪತ್ತು ಅಡಿಗೆ ಕಲ್ಲು ಸಿಕ್ಕಿತು. ಎಲ್ಲರೂ ಹಾಸುಬಂಡೆ ಎಂದುಕೊಂಡರು. ಕಲ್ಲೊಡೆಯುವ ಹಿರಿಯರೊಬ್ಬರು ಮಾತ್ರ ನಾಲ್ಕು ಕಡೆ ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ‘ಇದು ಗುಂಡೈತ್ರಿ. ಸುತ್ತ ತೋಡಿ ನೋಡ್ರಿ’ ಎಂದರು. ಯಾರೂ ಕೇಳಲಿಲ್ಲ. ಅದರ ಮೇಲೆಯೇ ಬಾವಿಯ ಗೋಡೆ ಎದ್ದಿತು. ಮಳೆಗಾಲದಲ್ಲಿ ಕೆಸರೆತ್ತಲು ಇಳಿದಿದ್ದ ಕಾಕಾ ಊಟಕ್ಕೆಂದು ಮೇಲೆ ಬಂದಿದ್ದರು. ಅಷ್ಟರಲ್ಲಿ ಗುಂಡು ವಾಲಿ ಒಂದು ಮಗ್ಗುಲು ಪೂರ್ತಿ ಕುಸಿಯಿತು.

2023ರ ಜನವರಿ 12ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ, ಮೆಟ್ರೊ ಸುರಂಗ ಮಾರ್ಗದ ಮೇಲೆ, ರಸ್ತೆ ಕುಸಿದಾಗ ನನಗೆ ಆ ಬಾವಿ ನೆನಪಾಯಿತು. ಸುರಂಗ ಕೊರೆಯುವವರು ಕಲ್ಲನ್ನು ಯಾವ ಲೆಕ್ಕದಲ್ಲಿ ನಂಬುತ್ತಾರೆ ಎಂದು ಓದತೊಡಗಿದೆ.

ನೆಲಕ್ಕೆ ರಂಧ್ರ ಕೊರೆದು ಬಾಳೆದಿಂಡಿನಂಥ ಕಲ್ಲಿನ ಕೋಲು ಹೊರತೆಗೆಯುತ್ತಾರೆ. ಅದರಲ್ಲಿ 10 ಸೆಂ.ಮೀ. ಮೀರಿದ ಗಟ್ಟಿ ತುಂಡುಗಳನ್ನಷ್ಟೇ ಕೂಡಿ, ಕೊರೆದ ಉದ್ದದಲ್ಲಿ ಅದು ಶೇಕಡಾ ಎಷ್ಟು ಎಂದು ನೋಡುತ್ತಾರೆ. 150ಕ್ಕೆ 120 ಸೆಂ.ಮೀ. ಸಿಕ್ಕರೆ ಶೇ 80, ಒಳ್ಳೆಯ ಕಲ್ಲು. ಶೇ 50ಕ್ಕಿಂತ ಕೆಳಗೆ ಕಳಪೆ, 25ಕ್ಕಿಂತ ಕೆಳಗೆ ತೀರಾ ಕಳಪೆ. 1960ರ ದಶಕದಲ್ಲಿ ಅಮೆರಿಕದ ಡಾನ್ ಡೀರ್ ರೂಪಿಸಿದ ಈ ಅಳತೆಗೆ ಆರ್‌ಕ್ಯುಡಿ ಎನ್ನುತ್ತಾರೆ.

ಆದರೆ ರಂಧ್ರ ಗುಂಡಿನ ನಡುವೆಯೇ ಇಳಿದರೆ? ಅಂಕ 90 ದಾಟುತ್ತದೆ. ಎರಡು ಮಾರು ಆಚೆ ಕೊಳೆತ ಕಲ್ಲು, ಮರಳು, ನೀರು ಇರಬಹುದು. ಬಿರುಕಿನಲ್ಲಿ ತುಂಬಿದ ಜೇಡಿಯೂ ಈ ಲೆಕ್ಕಕ್ಕೆ ಸಿಗದು. ಅದಕ್ಕೇ 1973ರಲ್ಲಿ ಬಿಯೆನಿಯಾವ್ಸ್ಕಿ, 1974ರಲ್ಲಿ ನಾರ್ವೆಯ ಬಾರ್ಟನ್ ಮತ್ತು ಜೊತೆಗಾರರು ಬಿರುಕಿನ ಸ್ಥಿತಿ, ನೀರು ಎಲ್ಲವನ್ನೂ ಸೇರಿಸಿ ಅಂಕ ಕೊಡುವ ಪದ್ಧತಿ ತಂದರು. ಗುಂಡು, ಮಣ್ಣು ಬೆರೆತ ನೆಲದಲ್ಲಿ ಅದೂ ಸಾಲದು. ರಂಧ್ರಗಳು ಹತ್ತಿರ ಹತ್ತಿರ ಇರಬೇಕು, ಯಂತ್ರದ ಮುಂದೆಯೂ ಕೊರೆದು ನೋಡುತ್ತಿರಬೇಕು.

ಗಂಗಾವತಿಯಿಂದ ಆನೆಗೊಂದಿಗೆ ಹೋಗುವಾಗ ಕಾಣುವ ಗುಂಡುಗಳೂ ಒಂದು ಕಾಲಕ್ಕೆ ನೆಲದೊಳಗಿದ್ದವು. ಬಿರುಕುಗಳಲ್ಲಿ ನೀರಿಳಿದು ಸುತ್ತಲ ಕಲ್ಲು ಕೊಳೆಯಿತು, ಆ ಮಣ್ಣು ಕೊಚ್ಚಿಹೋಯಿತು, ಗಟ್ಟಿ ತಿರುಳು ಉಳಿಯಿತು. ಬೆಂಗಳೂರಿನ ಅಡಿಯಲ್ಲಿ ಹಲವೆಡೆ ಮಣ್ಣು ಇನ್ನೂ ಹೋಗಿಲ್ಲ, ಗುಂಡುಗಳು ಅದರೊಳಗೇ ಇವೆ. ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ 2014ರಲ್ಲಿ ‘ಗೋದಾವರಿ’ ಯಂತ್ರ ಕೊರೆಯುವ ತಲೆ ಹಾಳಾಗಿ ತಿಂಗಳುಗಟ್ಟಲೆ ನಿಂತಿದ್ದೂ ಈ ನೆಲದಲ್ಲೇ.

ನಾವು ವರದಿಗಾರರು ಯಂತ್ರದ ಹೆಸರು, ಅದು ಹೊರಬಂದ ದಿನ ಬರೆದು ಮುಗಿಸುತ್ತೇವೆ. ಕುಷ್ಟಗಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಹುಡುಗರು ನಡೆದಾಡುವುದು ಅದೇ ರಸ್ತೆಗಳಲ್ಲಿ. ಎರಡು ರಂಧ್ರಗಳ ನಡುವಿನ ಅಂತರ ಎಷ್ಟು ಮೀಟರ್? ಆ ನಡುವೆ ಏನಿದೆ ಎಂದು ಯಾರು ನೋಡಿದ್ದಾರೆ? ಕಾಕಾನ ಬಾವಿಯ ಹತ್ತಿರ ಆ ಹಿರಿಯರು ಹೇಳಿದ್ದೂ ಇಷ್ಟೇ.