ಕಣ್ಣು ಕಾಣದ ಅಂಗಡಿಯಾಕೆ

ನಮ್ಮ ಕುಂಬಳೆ, ಮಂಜೇಶ್ವರದ ಕಡೆ ‘ಆಟ’ ಎಂದರೆ ಹಿರಿಯರಿಗೆ ಬಯಲಾಟವೆಂದೇ ಅರ್ಥ. “ಇವತ್ತು ಆಟ ಉಂಟು” ಎಂದರೆ ಗದ್ದೆಯಲ್ಲಿ ರಂಗಸ್ಥಳ ಏಳುತ್ತಿದೆ ಎಂದು ತಿಳಿಯುತ್ತಿದ್ದೆವು. ಅದೇ ಮಾತನ್ನು ನಿಮ್ಮೊಡನೆ ಹೇಳಿದರೆ ನೀವು ಫೋನನ್ನೋ ಕಂಪ್ಯೂಟರನ್ನೋ ನೆನೆಯುತ್ತೀರಿ. ಎರಡು ಆಟಗಳಲ್ಲೂ ಒಬ್ಬ ಖಳನಿರುತ್ತಾನೆ, ಅವನಿಗೇ ಹೆಚ್ಚಿನ ಅಲಂಕಾರ. ಬಣ್ಣದ ವೇಷಧಾರಿ ಚುಟ್ಟಿ ಇಡಲು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಾನೆ. ಕಂಪ್ಯೂಟರ್ ಆಟದಲ್ಲಿ ಅಂಥವನಿಗೆ ‘ಬಾಸ್’ ಎಂದು ಹೆಸರು.

ಇಂಥ ಆಟಗಳ ಬಗ್ಗೆ ಪಾಠ ಬರೆಯುವುದುಂಟೇ ಎಂದು ನಿಮ್ಮ ಮನೆಯವರು ಹುಬ್ಬೇರಿಸಬಹುದು. ಬರೆಯಲು ಕಾರಣವಿದೆ, ಸ್ವಲ್ಪ ತಾಳಿ.

ನಾನು ಹೇಳುತ್ತಿರುವುದು ರೋಲ್ ಪ್ಲೇಯಿಂಗ್ ಆಟಗಳ ವಿಚಾರ. ಅವುಗಳಲ್ಲಿ ನೀವು ಒಂದು ಪಾತ್ರವಾಗಿ ಕಲ್ಪನೆಯ ರಾಜ್ಯವೊಂದರಲ್ಲಿ ತಿರುಗುತ್ತೀರಿ. ಸಣ್ಣಪುಟ್ಟ ಭೂತಗಳನ್ನು ಕೊಂದು ಬಲ ಗಳಿಸುತ್ತೀರಿ. ಕೊನೆಗೆ ಬಾಸ್‌ನ ಎದುರು ನಿಲ್ಲುತ್ತೀರಿ. ಮೊದಲ ಸಲ ಸೋಲುವುದು ಖಂಡಿತ. ಹತ್ತು ಸಲ ಸೋತಾಗ ಅವನ ಹೊಡೆತದ ಕ್ರಮ ಕಣ್ಣಿಗೆ ಬೀಳುತ್ತದೆ: ಕೈ ಎತ್ತಿದರೆ ಎಡಕ್ಕೆ ಸರಿಯಬೇಕು, ಹಿಂದೆ ಹೆಜ್ಜೆ ಇಟ್ಟರೆ ಆಗ ನುಗ್ಗಬೇಕು. ಮಗ್ಗಿ ಕಲಿತ ಹಾಗೆಯೇ. ಬೆರಳು ಪಳಗಿದರೆ ಬಾಸ್ ಬೀಳುತ್ತಾನೆ.

ಇದಕ್ಕಿಂತ ಕಠಿಣವಾದ ಎದುರಾಳಿಯೊಬ್ಬಳನ್ನು ನಾನು ಬಲ್ಲೆ. ಅವಳ ಕೈಯಲ್ಲಿ ಆಯುಧವಿಲ್ಲ, ಅವಳು ಹೊಡೆಯುವುದೂ ಇಲ್ಲ.

ರಿಚರ್ಡ್ ಗ್ಯಾರಿಯಟ್ ಎಂಬವರು ಅಮೆರಿಕದ ಟೆಕ್ಸಾಸಿನಲ್ಲಿ ಬೆಳೆದವರು. ಅವರ ತಂದೆ 1973ರಲ್ಲಿ ಸ್ಕೈಲ್ಯಾಬಿನಲ್ಲಿ ಎರಡು ತಿಂಗಳು ಕಳೆದ ಗಗನಯಾತ್ರಿ. (ಮಗನೂ 2008ರಲ್ಲಿ ತನ್ನದೇ ಹಣ ತೆತ್ತು ಬಾಹ್ಯಾಕಾಶಕ್ಕೆ ಹೋಗಿಬಂದರು, ಅದು ಬೇರೆ ಕತೆ.) ಅವರು ರಚಿಸಿದ ‘ಅಲ್ಟಿಮಾ’ ಮಾಲೆಯ ಮೊದಲ ಮೂರು ಆಟಗಳಿಗೆ ಮೂವರು ಖಳರು: ಮೊಂಡೇನ್, ಮಿನಾಕ್ಸ್, ಎಕ್ಸೋಡಸ್. ಆಡಿದವರಿಂದ ಪತ್ರಗಳು ಬರತೊಡಗಿದವು. ಓದಿದಾಗ ಗ್ಯಾರಿಯಟ್ ಅವರಿಗೆ ಒಂದು ಸಂಗತಿ ಹೊಳೆಯಿತು. ಖಳನನ್ನು ಸಂಹರಿಸಲು ಹೊರಟ ವೀರರು ದಾರಿಯುದ್ದಕ್ಕೂ ಕಳವು ಮಾಡುತ್ತಿದ್ದರು, ಊರವರನ್ನು ಕೊಲ್ಲುತ್ತಿದ್ದರು. ಆಟದ ಲೆಕ್ಕದಲ್ಲಿ ಅದರಿಂದ ಲಾಭವೇ ಆಗುತ್ತಿತ್ತು. ಕೊನೆಗೆ ಖಳ ಸತ್ತರೆ ಮುಗಿಯಿತು, ನೀವು ಪುಣ್ಯಾತ್ಮರು!

1985ರಲ್ಲಿ ಹೊರಬಂದ ನಾಲ್ಕನೆಯ ಆಟದಲ್ಲಿ ಅವರು ಖಳನನ್ನೇ ತೆಗೆದುಹಾಕಿದರು. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಗಳಿಸಿ ‘ಅವತಾರ್’ ಆಗುವುದೇ ಆಟದ ಗುರಿ. ಹೌದು, ನಮ್ಮ ಪುರಾಣಗಳ ‘ಅವತಾರ’ವೇ. ಹಿಂದೂ ಧರ್ಮದ ವಿಚಾರ ತಿಳಿಯುವಾಗ ಸಿಕ್ಕಿದ ಮಾತು ಅವರಿಗೆ ಹಿಡಿಸಿತು. ನಮ್ಮಲ್ಲಿ ಅವತಾರವೆಂದರೆ ದೇವರು ಕೆಳಗಿಳಿದು ಬರುವುದು. ಅವರ ಆಟದಲ್ಲಿ ಮನುಷ್ಯ ಮೆಟ್ಟಿಲು ಹತ್ತುತ್ತಾನೆ. ಕನ್ನಡ ಮೇಷ್ಟ್ರಾದ ನನಗೆ ಈ ತಿರುವುಮುರುವು ಬಹಳ ಹಿಡಿಸಿತು. ಆಟದ ಕಟ್ಟಕಡೆಯ ಗುಹೆಯ ತಳದಲ್ಲಿಯೂ ನಿಮಗಾಗಿ ಕಾದಿರುವುದು ಕೆಲವು ಪ್ರಶ್ನೆಗಳು ಮತ್ತು ಒಂದು ಗ್ರಂಥ.

ಈಗ ಆ ಎದುರಾಳಿಯ ಬಳಿಗೆ ಬರೋಣ. ಮಂತ್ರ ಹಾಕಲು ಬೆಳ್ಳುಳ್ಳಿ, ಜಿನ್ಸೆಂಗ್ ಬೇರು, ಜೇಡನ ನೂಲು, ಗಂಧಕದ ಬೂದಿ ಬೇಕು. ಅವನ್ನು ಮಾರುವ ಅಂಗಡಿಯಾಕೆಗೆ ಕಣ್ಣು ಕಾಣದು. ನೀವು ಬೇಕಾದಷ್ಟು ಕೇಳುತ್ತೀರಿ, ಅವಳು ಒಟ್ಟು ಬೆಲೆ ಹೇಳುತ್ತಾಳೆ, ಎಷ್ಟು ಕೊಡುತ್ತಿದ್ದೀರಿ ಎಂದು ಕೇಳುತ್ತಾಳೆ. ಅಂಕೆಯನ್ನು ನೀವೇ ಒತ್ತಬೇಕು. ಐವತ್ತು ನಾಣ್ಯದ ಸಾಮಾನಿಗೆ ಒಂದು ನಾಣ್ಯ ಎಂದು ಒತ್ತಿದರೂ ಅವಳು ತೆಗೆದುಕೊಳ್ಳುತ್ತಾಳೆ. ಕಾವಲುಗಾರ ಬರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ನೀವು ಸಾಮಾನು ಹಿಡಿದು ಹೊರಗೆ ಬರುತ್ತೀರಿ, ನಿಮ್ಮ ಚೀಲದಲ್ಲಿ ಹಣ ಉಳಿದಿದೆ. ಆಟದ ಆರಂಭದಲ್ಲಿ ಆ ಹಣ ಎಷ್ಟು ಬೇಕಾಗಿರುತ್ತದೆ ಎಂದು ಆಡಿದವರಿಗೆ ಗೊತ್ತು.

ಎಷ್ಟೋ ಹೊತ್ತಿನ ಮೇಲೆ, ಪ್ರಾಮಾಣಿಕತೆಯ ಗುಡಿಯ ಮುಂದೆ ಧ್ಯಾನಕ್ಕೆ ಕುಳಿತಾಗ, ನೀವಿನ್ನೂ ಅರ್ಹರಲ್ಲ ಎಂಬ ಉತ್ತರ ಬರುತ್ತದೆ. ಯಾವ ಕಾರಣಕ್ಕೆ ಎಂದು ನಿಮ್ಮ ನೆನಪೇ ಹೇಳಬೇಕು.

ಇಲ್ಲಿ ನನ್ನ ವೃತ್ತಿಯ ಒಂದು ಮಾತು. ಪಠ್ಯಪುಸ್ತಕ ಮಾಡಲು ಕುಳಿತಾಗ ಪಾಠದ ಕೊನೆಗೆ ನಾವು ಪ್ರಶ್ನೆಗಳನ್ನು ಜೋಡಿಸುತ್ತೇವೆ. ‘ದಾರಿಯಲ್ಲಿ ಹಣದ ಚೀಲ ಸಿಕ್ಕಿದರೆ ನೀವೇನು ಮಾಡುವಿರಿ?’ ಎಂಬುದು ಅವುಗಳಲ್ಲಿ ಹಳೆಯ ನೆಂಟ. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ. ‘ಇಟ್ಟುಕೊಳ್ಳುತ್ತೇನೆ’ ಎಂದು ಬರೆದ ಒಬ್ಬ ವಿದ್ಯಾರ್ಥಿಯನ್ನೂ ಕಂಡಿಲ್ಲ. ಎಲ್ಲರೂ ಪೊಲೀಸರಿಗೆ ಒಪ್ಪಿಸುತ್ತಾರೆ, ಎಲ್ಲರಿಗೂ ಪೂರ್ಣ ಅಂಕ. ಆ ಉತ್ತರಗಳಲ್ಲಿ ಯಾವುದು ನಿಜ ಎಂದು ತಿಳಿಯಲು ನನ್ನ ಕೆಂಪು ಪೆನ್ನಿಗೆ ದಾರಿಯಿಲ್ಲ. ಎಷ್ಟೋ ಆಟಗಳೂ ಹಾಗೆಯೇ. ಕೆನಡಾದ ಬಯೋವೇರ್ ಕಂಪೆನಿ ‘ಸ್ಟಾರ್ ವಾರ್ಸ್’ ಕತೆಯನ್ನಾಧರಿಸಿ 2003ರಲ್ಲಿ ತಂದ ಆಟದಲ್ಲಿ ನೀವು ಬೆಳಕಿನ ಕಡೆ ಎಷ್ಟು, ಕತ್ತಲೆಯ ಕಡೆ ಎಷ್ಟು ಎಂದು ಅಳತೆಪಟ್ಟಿಯೇ ಕಾಣಿಸುತ್ತದೆ. ಅಳತೆ ಕಂಡಮೇಲೆ ಆಡುವವರು ಅದಕ್ಕಾಗಿಯೇ ನಡೆದುಕೊಳ್ಳುತ್ತಾರೆ. ಗ್ಯಾರಿಯಟ್ ಅವರ ಆಟವೂ ಅಂಕ ಹಾಕುತ್ತದೆ, ಆದರೆ ಆ ಪಟ್ಟಿಯನ್ನು ಬಚ್ಚಿಡುತ್ತದೆ. ಅರಮನೆಯ ಜ್ಞಾನಿಯೊಬ್ಬನನ್ನು ಕೇಳಿದರೆ ಒಂದಿಷ್ಟು ಸುಳಿವು ಸಿಕ್ಕೀತು, ಅಷ್ಟೇ.

ಇನ್ನೊಂದು ಆಟವನ್ನು ನನ್ನ ಅಕ್ಕನ ಮಗ ಆಡುವಾಗ ಪಕ್ಕದಲ್ಲಿ ಕುಳಿತು ನೋಡಿದೆ. 2011ರಲ್ಲಿ ಜಪಾನಿನಲ್ಲಿ ತಯಾರಾದ ‘ಡಾರ್ಕ್ ಸೋಲ್ಸ್’ ಅದು. ದೊಡ್ಡವರಿಗಾಗಿ ಮಾಡಿದ್ದು, ನಿಮ್ಮ ಪ್ರಾಯಕ್ಕಲ್ಲ. ಕಾಲೇಜು ಮುಗಿಸಿದ ಅವನೇ ಬೆವರುತ್ತಿದ್ದ. ಅದರಲ್ಲಿ ಸಿಫ್ ಎಂಬ ಭಾರಿ ತೋಳವೊಂದು ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು, ಸತ್ತುಹೋದ ತನ್ನ ಯಜಮಾನನ ಸಮಾಧಿಯನ್ನು ಕಾಯುತ್ತಿರುತ್ತದೆ. ಎರಡು ಸಂಜೆ ಅವನು ಸೋತ. ಮೂರನೆಯ ಸಂಜೆ ತೋಳದ ಬಲ ಮುಗಿಯುತ್ತ ಬಂತು. ಆಗ ಅದು ಕುಂಟತೊಡಗಿತು. ಕತ್ತಿ ಬೀಸಲು ಹೋಗಿ ತಾನೇ ಮುಗ್ಗರಿಸುತ್ತಿತ್ತು. ಹುಡುಗನ ಬೆರಳು ನಿಂತಿತು.

“ಬಿಟ್ಟುಬಿಡಬಹುದಲ್ಲವಾ?” ಎಂದೆ.

“ಆಗುವುದಿಲ್ಲ ಮಾವಾ. ಇದನ್ನು ಕೊಲ್ಲದೆ ಮುಂದೆ ದಾರಿ ಇಲ್ಲ.”

ಕೊಂದ. ಪರದೆಯ ಮೇಲೆ ಜಯದ ಅಕ್ಷರಗಳು ಮೂಡಿದವು. ಅವನು ಎದ್ದುಹೋಗಿ ನೀರು ಕುಡಿದು ಬಂದ, ಆ ರಾತ್ರಿ ಮತ್ತೆ ಆಡಲಿಲ್ಲ. ಆಯ್ಕೆಯನ್ನೇ ಕೊಡದ ಕಡೆಯೂ ಮನಸ್ಸು ಆಯ್ಕೆಯನ್ನು ಹುಡುಕುತ್ತದೆಂದು ನನಗೆ ಅಂದೇ ತಿಳಿದದ್ದು.

ಆಯ್ಕೆಯನ್ನು ಪೂರ್ತಿಯಾಗಿ ಬಿಟ್ಟುಕೊಡುವ ಆಟವೂ ಇದೆ. ‘ಅಂಡರ್‌ಟೇಲ್’ ಅದರ ಹೆಸರು. ಅಮೆರಿಕದ ಟೋಬಿ ಫಾಕ್ಸ್ ಬಹುಮಟ್ಟಿಗೆ ಒಬ್ಬರೇ ಕುಳಿತು ಮಾಡಿ 2015ರಲ್ಲಿ ತಂದರು. ಇಲ್ಲಿ ಯಾವ ಭೂತವನ್ನೂ ಕೊಲ್ಲದೆ, ಮಾತಾಡಿಸಿ, ಸಮಾಧಾನಪಡಿಸಿ ಕೊನೆ ಮುಟ್ಟಬಹುದು. ಎಲ್ಲರನ್ನೂ ಕೊಲ್ಲಲೂಬಹುದು. ಬೇರೆ ಆಟಗಳಲ್ಲಿ ಕೊಂದಾಗ ಸಿಗುವ ಅಂಕಕ್ಕೆ ‘ಅನುಭವ’ ಎಂದು ಹೆಸರು. ಇದರಲ್ಲೂ ಹಾಗೆಯೇ ಎಂದು ನೀವು ನಂಬಿರುತ್ತೀರಿ. ಕೊನೆಯ ಹೊತ್ತಿಗೆ, ಅದು ನೀವು ಮಾಡಿದ ಹತ್ಯೆಯ ಲೆಕ್ಕವೆಂದು ಸ್ಯಾನ್ಸ್ ಎಂಬ ಅಸ್ಥಿಪಂಜರ ತಿಳಿಸುತ್ತಾನೆ. ಚಪ್ಪಲಿ ಮೆಟ್ಟಿಕೊಂಡು ನಗೆಚಾಟಿಕೆ ಹೇಳುತ್ತ ತಿರುಗುವ ಸೋಮಾರಿ ಅವನು. ಯಾರನ್ನೂ ಬಿಡದೆ ಕೊಂದು ಬಂದವರಿಗೆ ಮಾತ್ರ ಅವನು ಬಾಸ್ ಆಗಿ ಎದುರು ನಿಲ್ಲುತ್ತಾನೆ. ಅಂಕೆಗಳ ಪ್ರಕಾರ ಇಡೀ ಆಟದಲ್ಲಿ ಅವನಷ್ಟು ದುರ್ಬಲನಿಲ್ಲ: ಒಂದು ಪೆಟ್ಟು ಬಿದ್ದರೆ ಸಾಯುತ್ತಾನೆ. ಆದರೆ ಪೆಟ್ಟು ಬೀಳಗೊಡುವುದಿಲ್ಲ. ಕೊಂದು ಕೊಂದು ನೀವು ಗಳಿಸಿದ ಬಲ ಅವನ ಮುಂದೆ ಕೆಲಸಕ್ಕೆ ಬಾರದು. ಈ ಕಷ್ಟವನ್ನು ಫಾಕ್ಸ್ ಬೇಕೆಂದೇ ಇಟ್ಟಿದ್ದಾರೆಂದು ನನ್ನ ಊಹೆ. ಇಲ್ಲಿಗೆ ಸಾಕುಮಾಡಿ ಮನೆಗೆ ಹೋಗು ಎಂದು ಆಟವೇ ಆಡುವವನನ್ನು ದೂಡುತ್ತಿರುವಂತೆ ಕಾಣುತ್ತದೆ.

ನಮ್ಮ ಹುಡುಗ ಹೋಗಲಿಲ್ಲ. ಒಂದು ವಾರ ಹಟ ಹಿಡಿದು ಸ್ಯಾನ್ಸನನ್ನು ಕೊಂದ. ಆಮೇಲೆ ಮೊದಲಿನಿಂದ ಆಡೋಣವೆಂದು ತೆರೆದರೆ ಪರದೆಯೆಲ್ಲ ಕಪ್ಪು, ಬರೀ ಗಾಳಿಯ ಸದ್ದು. ತನ್ನ ಆತ್ಮವನ್ನು ಒಪ್ಪಿಸುತ್ತೇನೆಂದು ಹೇಳಿದ ಮೇಲೆಯೇ ಆ ಲೋಕ ಮರಳಿ ಬಂತು. ಈ ಸಲ ಒಂದು ಇರುವೆಗೂ ನೋವಾಗದ ಹಾಗೆ ಆಡಿದ. ಎಲ್ಲರೂ ಬದುಕಿದರು, ಎಲ್ಲರೂ ಒಟ್ಟಿಗೆ ಹೊರಬಂದರು. ಆದರೂ ಕೊನೆಯ ಚಿತ್ರ ಕೆಟ್ಟಿತ್ತು. ಹಿಂದೆ ಮಾಡಿದ್ದನ್ನು ಆಟ ಮರೆತಿರಲಿಲ್ಲ.

“ಆ ಲೆಕ್ಕ ಕಂಪ್ಯೂಟರಿನೊಳಗೆ ಒಂದು ಫೈಲಿನಲ್ಲಿ ಇರುತ್ತದೆ ಮಾವಾ. ಅದನ್ನು ಅಳಿಸಿದರೆ ಏನೂ ನಡೆಯದ ಹಾಗೆ ಆಗುತ್ತದೆ” ಎಂದ.

“ಅಳಿಸಿದೆಯಾ?”

ಪರದೆಯ ಮೇಲೆ ಆ ಫೈಲನ್ನು ತೋರಿಸಿದ. ಇನ್ನೂ ಅಲ್ಲೇ ಇತ್ತು.